ಭಟ್ಟರಿಗೆ ಭೇದಿಯಾಗಿರಲಿಲ್ಲ

ಭಟ್ಟರ ಮನೆಗೆ ನಾನು ಮೊದಲ ಸಲ ಹೋದದ್ದು ಅವರಿಗೆ ಡಯಾಪರ್ ಹಾಕುವುದು ಹೇಗೆಂದು ಮನೆಯವರಿಗೆ ತೋರಿಸಿಕೊಡಲು. ಜೋಗೇಶ್ವರಿಯ ಒಂದು ಧರ್ಮಾರ್ಥ ದವಾಖಾನೆಯಲ್ಲಿ ನಾನು ನರ್ಸ್. ಹೊರಗೆ ಹೋಗಲಾಗದ ವಯಸ್ಸಾದವರನ್ನು ಅವರ ಮನೆಗೇ ಹೋಗಿ ನೋಡಿಕೊಂಡು ಬರುವುದು ನನ್ನ ಕೆಲಸ. ಫೋನ್ ಮಾಡಿದ್ದ ಮಗ ಮಾತನ್ನು ಚುಟುಕಾಗಿ ಮುಗಿಸಿದ್ದ. ಅಪ್ಪನಿಗೆ ಎಪ್ಪತ್ತಾರು ವರ್ಷ, ಮೂರು ತಿಂಗಳಿಂದ ಲೂಸ್ ಮೋಷನ್, ಉಟ್ಟ ಬಟ್ಟೆಯಲ್ಲೇ ಆಗುತ್ತದೆ. ಬರುವ ಒಂದನೇ ತಾರೀಖು ವಸಾಯಿ ಕಡೆಯ ಒಂದು ವೃದ್ಧಾಶ್ರಮಕ್ಕೆ ಸೇರಿಸುತ್ತಿದ್ದೇವೆ, ಡಯಾಪರ್ ಅಭ್ಯಾಸ ಮಾಡಿಸಿ ಕರೆತನ್ನಿ ಎಂದು ಅಲ್ಲಿಯವರು ಹೇಳಿದ್ದಾರೆ. ಒಂದನೇ ತಾರೀಖಿಗೆ ಹದಿನೆಂಟು ದಿನ ಉಳಿದಿತ್ತು.

ಮಲಾಡ್ ಪೂರ್ವದಲ್ಲಿ ಹಳೆಯ ಬಿಲ್ಡಿಂಗು, ಎರಡನೆಯ ಮಾಳಿಗೆ, ಲಿಫ್ಟ್ ಇಲ್ಲ. ಸೊಸೆ ಬಾಗಿಲು ತೆರೆದಳು. ಮನೆಯೆಲ್ಲ ಫಿನೈಲ್ ವಾಸನೆ. ಭಟ್ಟರು ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಳೆಯ ಪಂಚೆಯೊಂದನ್ನು ಮಡಿಸಿ ಹಾಸಿಕೊಂಡು, ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದರು. ಗಿಡ್ಡ ಆಳು, ಅಗಲ ಭುಜ. ಉಡುಪಿ ಹೋಟೆಲುಗಳಲ್ಲಿ ಅಡುಗೆಯವರನ್ನು ಭಟ್ರು ಎಂದೇ ಕರೆಯುವುದು ರೂಢಿ. ಇವರು ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ ಬಿಲ್ಡಿಂಗಿನ ವಾಚ್‌ಮನ್‌ಗೂ ಭಟ್ರೇ. ಬ್ರಹ್ಮಾವರದ ಕಡೆಯವರು, ಮನೆಯೊಳಗೆ ಕನ್ನಡವನ್ನೇ ಆಡುತ್ತಾರೆ. ನಾನು ಧಾರವಾಡದವಳು; ಇಪ್ಪತ್ತಾರು ವರ್ಷ ಈ ಊರಿನ ನೀರು ಕುಡಿದರೂ ನನ್ನ ನಾಲಿಗೆ ತನ್ನ ಹಟ ಬಿಟ್ಟಿಲ್ಲ.

“ಹೆಂಗದೀರ್ರಿ ಅಜ್ಜಾರ?” ಎಂದೆ.

“ಎಂತ ಹೇಗೆ? ನಲ್ಲಿ ಕೆಟ್ಟಿದೆ, ಬಂದ್ ಮಾಡ್ಲಿಕ್ಕೆ ಆಗುದಿಲ್ಲ,” ಎಂದು ತಿರುಗಿ ನೋಡಿದರು. “ಓ, ಆ ಕಡೆಯವರಾ ನೀವು? ಸಾಂಬಾರಿಗೆ ಬೆಲ್ಲ ಯಾಕೆ ಹಾಕಿದ್ದು ಅಂತ ನಿಮ್ಮ ಊರಿನವರು ಹೋಟೆಲಿಗೆ ಬಂದು ಜಗಳ ಮಾಡ್ತಿದ್ರು.”

“ಹಾಕೂದು ಖರೇನ ಐತಲ್ರಿ.”

ನಕ್ಕರು. ಆಮೇಲೆ ಬಹಳ ದಿನ ಅವರು ನಕ್ಕದ್ದನ್ನು ನಾನು ನೋಡಲಿಲ್ಲ. ನಾನು ಚೀಲದಿಂದ ಪ್ಯಾಕೆಟ್ ತೆಗೆದದ್ದೇ ತಡ ಅವರ ಮುಖ ಕೆಂಪಾಯಿತು. “ಅದನ್ನು ತೊಟ್ಟಿಲ ಮಗುವಿಗೆ ಕಟ್ಟಿ,” ಎಂದು ಮತ್ತೆ ರಸ್ತೆಯ ಕಡೆ ತಿರುಗಿಬಿಟ್ಟರು. ನಾನೂ ಒತ್ತಾಯ ಮಾಡಲಿಲ್ಲ. ಕಾರಣ ತಿಳಿಯದೆ ಕಟ್ಟುವುದು, ಮುಚ್ಚುವುದು ನನಗೆ ಆಗಿಬರುವುದಿಲ್ಲ. ಮೂರು ತಿಂಗಳು ಭೇದಿಯಾದರೆ ಅದಕ್ಕೊಂದು ಕಾರಣ ಇರಲೇಬೇಕು, ಹದಿನೆಂಟು ದಿನದೊಳಗೆ ಅದನ್ನು ಹಿಡಿಯುತ್ತೇನೆ ಎಂದು ಮೆಟ್ಟಿಲಿಳಿಯುವಾಗ ನನಗೆ ನಾನೇ ಹೇಳಿಕೊಂಡೆ.

ನಮ್ಮ ದವಾಖಾನೆಯಲ್ಲಿ ಇದಕ್ಕೊಂದು ಚಾರ್ಟ್ ಇದೆ. ಎಡಕ್ಕೆ ಹೊತ್ತು, ಪಕ್ಕದಲ್ಲಿ ಗಟ್ಟಿ, ಮೆದು, ನೀರು ಎಂದು ಮೂರು ಮನೆ, ಕೊನೆಗೆ ಒಟ್ಟು ಎಷ್ಟು ಸಲ. ಆದಾಗಲೆಲ್ಲ ಸೊಸೆ ಒಂದು ಗೆರೆ ಎಳೆಯಬೇಕು, ದಿನ ಬಿಟ್ಟು ದಿನ ಹನ್ನೊಂದು ಗಂಟೆಗೆ ನಾನು ಬಂದು ನೋಡಬೇಕು. ಮೊದಲ ದಿನ ಏಳು, ಮರುದಿನ ಆರು, ಆಮೇಲೆ ಎಂಟು. ಗೆರೆಗಳೆಲ್ಲ ನೀರಿನ ಮನೆಯಲ್ಲೇ. ಅದನ್ನು ನೋಡಿದ ನಮ್ಮ ಡಾಕ್ಟರ್ ಮಲದ ಪರೀಕ್ಷೆಗೆ ಬರೆದರು. ಅವರು ಬೆಳಗಾವಿಯ ಹೆಣ್ಣುಮಗಳು, ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದವರು, ಮಾತು ಕಡಿಮೆ. ವರದಿಯಲ್ಲಿ ಹುಳವಿಲ್ಲ, ಸೋಂಕಿಲ್ಲ. ಹಾಗಿದ್ದರೆ ಬಿಲ್ಡಿಂಗಿನ ಕೆಳಗಿನ ಡಾಕ್ಟರು ಕೊಟ್ಟಿದ್ದ ಭೇದಿ ನಿಲ್ಲುವ ಮಾತ್ರೆಯೇ ನಡೆಯಲಿ, ಜೊತೆಗೆ ಓಆರ್‌ಎಸ್ ಕುಡಿಸಿ ಎಂದಾಯಿತು.

ಭಟ್ಟರು ಅಷ್ಟರಲ್ಲಿ ತಮ್ಮ ಚಿಕಿತ್ಸೆಯನ್ನು ತಾವೇ ಶುರುಮಾಡಿಕೊಂಡಿದ್ದರು. “ಇದಕ್ಕೆ ಡಾಕ್ಟರು ಎಂತಕ್ಕೆ? ಮದ್ದು ಅಡುಗೆಮನೆಯಲ್ಲೇ ಉಂಟು.” ಬಟ್ಟೆಯಲ್ಲಿ ಆಗತೊಡಗಿದಂದಿನಿಂದ ಸೊಸೆ ಅವರನ್ನು ಅಡುಗೆಮನೆಯೊಳಗೆ ಬಿಟ್ಟಿರಲಿಲ್ಲ, ಬಾಲ್ಕನಿಯಿಂದಲೇ ಅಪ್ಪಣೆ ಹೋಗುತ್ತಿತ್ತು. ಬೆಳಿಗ್ಗೆ ಪೇರಳೆ ಕುಡಿಯ, ಅಂದರೆ ಸೀಬೆ ಚಿಗುರಿನ, ತಂಬುಳಿ. ಮಧ್ಯಾಹ್ನ ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಗೆ ಕಲಸಿದ್ದು. ರಾತ್ರಿ ಗಂಜಿಯ ತಿಳಿ ಮಾತ್ರ. ಸೊಪ್ಪು, ತರಕಾರಿ, ಹಣ್ಣು, ತೆಂಗಿನಕಾಯಿ ಎಲ್ಲ ಬಂದ್. ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿಯುತ್ತಿದ್ದರು, ಮೇಲಿಂದ ಹೊಯ್ದಷ್ಟೂ ಕೆಳಗಿಂದ ಬರ್ತದೆ ಎಂಬುದು ಅವರ ವಾದ. ಹೋಟೆಲಿನಲ್ಲಿ ಹುಡುಗರಿಗೆ, ಗಿರಾಕಿಗಳಿಗೆ, ಒಮ್ಮೆ ಮಾಲೀಕರಿಗೇ ಈ ತಂಬುಳಿ ಕೊಟ್ಟು ಹೊಟ್ಟೆ ನಿಲ್ಲಿಸಿದವರು ಅವರು. ನಾನು ತಲೆಯಾಡಿಸಿದ್ದಷ್ಟೇ ಅಲ್ಲ, ಪೇರಳೆ ಕುಡಿ ಎಷ್ಟು, ಜೀರಿಗೆ ಎಷ್ಟು ಎಂದು ನನ್ನ ಡೈರಿಯಲ್ಲಿ ಬರೆದೂ ಇಟ್ಟುಕೊಂಡೆ. ಈಗ ಆ ಪುಟ ನೋಡಿದರೆ ನನ್ನ ತಲೆಗೆ ನಾನೇ ಮೊಟಕಬೇಕೆನಿಸುತ್ತದೆ.

ಮಾತ್ರೆ ನುಂಗಿದ ದಿನ ಗೆರೆ ನಾಲ್ಕಕ್ಕೆ ಇಳಿಯುತ್ತಿತ್ತು, ಮರುದಿನ ಮತ್ತೆ ಎಂಟು. ಊಟ ಸೇರುತ್ತಿರಲಿಲ್ಲ. ಮಗ ಸಂಜೆ ಫೋನ್ ಮಾಡಿ, “ಸಿಸ್ಟರ್, ಎಷ್ಟು ದಿನ ಅಂತ ಮ್ಯಾನೇಜ್ ಮಾಡುದು? ಇವಳು ಟ್ಯೂಶನ್ ಬಂದ್ ಮಾಡಿದ್ದಾಳೆ, ಮಕ್ಕಳು ವಾಸನೆ ಅಂತ ಹೇಳ್ತಾರೆ. ನನ್ನ ಲೀವ್ ಎಲ್ಲ ಖತಮ್,” ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.  ನನ್ನ ಹತ್ತಿರ ಇದ್ದದ್ದು ಚಾರ್ಟ್ ಒಂದೇ.

ಒಂಬತ್ತನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಸೊಸೆಯ ಫೋನ್ ಬಂತು. “ಸಿಸ್ಟರ್, ಮಾವ ಎಂತೆಂತದೋ ಮಾತಾಡ್ತಿದ್ದಾರೆ. ಬೇಗ ಬನ್ನಿ.” ಸಿಕ್ಕಿದ ಲೋಕಲ್ ರೈಲು ಹತ್ತಿ ಆರೂವರೆ ದಾಟುವಷ್ಟರಲ್ಲಿ ಮನೆ ತಲುಪಿದೆ. ಭಟ್ಟರು ಹಾಸಿಗೆಯ ಮೇಲೆ ಕುಳಿತು ಗೋಡೆಗೆ ಕೈ ತೋರಿಸುತ್ತಿದ್ದರು. “ಹಂಡೆಗೆ ಬೆಂಕಿ ಹಾಕಿದ್ರಾ? ಶಟರ್ ಎತ್ತುವ ಹೊತ್ತಾಯ್ತು. ಇಡ್ಲಿ ಪಾತ್ರೆ ಎಲ್ಲಿ?” ನನ್ನ ಗುರುತು ಸಿಗಲಿಲ್ಲ. ಜ್ವರವಿಲ್ಲ, ನಾಡಿ ತುಸು ಜೋರು, ನಾಲಿಗೆ ಒಣಗಿದೆ. ಅಂಗಿ ಸರಿಸಿದರೆ ಕಿಬ್ಬೊಟ್ಟೆ ಉಬ್ಬಿತ್ತು. ಮುಟ್ಟಿದರೆ ಮುಖ ಹಿಂಡುತ್ತಿದ್ದರು. ಹಿಂದಿನ ಸಂಜೆಯಿಂದ ಮೂತ್ರ ಸರಿಯಾಗಿ ಆಗಿಲ್ಲ ಎಂದಳು ಸೊಸೆ.

ಮಗ ಒಳಗಿನಿಂದ ಬಂದ. “ಇವತ್ತೇ ವಸಾಯಿಗೆ ಬಿಡ್ತೇನೆ. ಫೋನ್ ಮಾಡಿದ್ದೇನೆ, ತಗೊಳ್ತಾರಂತೆ. ಅಲ್ಲಿ ಡಾಕ್ಟರ್ ಬರ್ತಾರೆ. ಹತ್ತು ಗಂಟೆಗೆ ಗಾಡಿ.”

 ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಒಂದು ಬಕೆಟ್‌ನಲ್ಲಿ ಭಟ್ಟರ ಪಂಚೆಗಳಿದ್ದವು. ಇನ್ನೂ ನೆನೆಹಾಕಿರಲಿಲ್ಲ.

ಎಂಟು ದಿನದಿಂದ ಆ ಮನೆಗೆ ಹೋಗಿಬರುತ್ತಿದ್ದರೂ ಕೊಳೆಯಾದ ಒಂದು ಬಟ್ಟೆಯನ್ನೂ ನಾನು ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಮನೆಗೆ ಹೊರಗಿನವರು ಬರುತ್ತಾರೆಂದರೆ ಮೊದಲು ಒರೆಸಿ ತೊಳೆದು ಅಚ್ಚುಕಟ್ಟು ಮಾಡುವುದು ನಮ್ಮವರ ಪದ್ಧತಿ. ಹನ್ನೊಂದು ಗಂಟೆಗೆ ಸಿಸ್ಟರ್ ಬರುತ್ತಾಳೆಂದು ಸೊಸೆ ಹತ್ತೂವರೆಯೊಳಗೆ ಎಲ್ಲವನ್ನೂ ಒಗೆದು, ನೆಲಕ್ಕೆ ಫಿನೈಲ್ ಹಾಕಿ, ನನಗೆ ಕಾಫಿ ಇಡುತ್ತಿದ್ದಳು. ನಾನು ಕಾಫಿ ಕುಡಿದು, ಗೆರೆ ಎಣಿಸಿ, ಹೋಗುತ್ತಿದ್ದೆ. ಮಲದ ಬಗ್ಗೆ ಎಂಟು ದಿನ ಬರೆದವಳು ಮಲವನ್ನೇ ನೋಡಿರಲಿಲ್ಲ. ನಾಚಿಕೆಯಾಯಿತು.

ಗ್ಲೌಸ್ ಹಾಕಿಕೊಂಡು ಪಂಚೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಅಂಗೈ ಅಗಲದ ಕಂದು ಕಲೆ, ಅಂಚು ತೆಳು. ಕಾಫಿ ಚೆಲ್ಲಿದಂತೆ. ಇನ್ನೊಂದು ಪಂಚೆಯಲ್ಲೂ ಅಷ್ಟೇ. ನಿಜವಾದ ಭೇದಿಯಾದರೆ ಎಂಟು ಸಲಕ್ಕೆ ಎಷ್ಟು ಹೋಗಬೇಕು? ಇಲ್ಲಿ ಎಂಟು ಸಲದ್ದು ಸೇರಿದರೂ ಅರ್ಧ ಲೋಟವಿಲ್ಲ. ಇದು ಹೋಗುತ್ತಿರುವುದಲ್ಲ, ಸೋರುತ್ತಿರುವುದು. ಎಲ್ಲೋ ಗಟ್ಟಿಯಾಗಿ ಕಟ್ಟಿಕೊಂಡಿದೆ, ಅದರ ಸಂದಿಯಿಂದ ಮೇಲಿನ ನೀರು ಇಳಿದು ಬರುತ್ತಿದೆ. ಮಲಬದ್ಧತೆ ಅತಿಯಾಗಿ ಭೇದಿಯ ವೇಷ ಹಾಕಿಕೊಂಡು ಬರುತ್ತದೆಂದು ನಾನೇ ಹೊಸ ನರ್ಸುಗಳಿಗೆ ಪಾಠ ಹೇಳಿದ್ದೆ. ಆದರೆ ಮನೆಯವರು ಲೂಸ್ ಮೋಷನ್ ಎಂದರು, ನಾನು ಹಾಗೇ ಬರೆದುಕೊಂಡೆ. ನಾನು ಬರೆದದ್ದನ್ನು ನಂಬಿ ಡಾಕ್ಟರು ಮಾತ್ರೆ ಮುಂದುವರಿಸಿದರು. ಕಟ್ಟಿಕೊಂಡ ಹೊಟ್ಟೆಗೆ ನಾವೆಲ್ಲ ಸೇರಿ ಇನ್ನಷ್ಟು ಬಿರಡೆ ಹಾಕುತ್ತ ಬಂದಿದ್ದೆವು. ಭಟ್ಟರ ತಂಬುಳಿಯೂ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು.

ಸೊಸೆಯನ್ನು ಕರೆದೆ. “ಗಟ್ಟಿ ಆಗಿ ಹೋಗಿದ್ದು ಕಡೀ ಸಲ ಯಾವಾಗ?”

ಅವಳು ಯೋಚಿಸಿದಳು. “ಗಟ್ಟಿ... ದೀಪಾವಳಿ ಹತ್ರ ಬಾತ್‌ರೂಮ್ ರಿಪೇರ್ ಮಾಡಿಸಿದ್ದೆವು. ಇವರೇ ಮಾಡಿಸಿದ್ದು, ಮಾವನ ಮೊಣಕಾಲಿಗೆ ಅಂತ. ಮೊದ್ಲು ಕುಕ್ಕರಗಾಲಲ್ಲಿ ಕೂರುವ ಸಂಡಾಸ್ ಇತ್ತು, ಈಗ ಕಮೋಡ್. ಆಮೇಲೆ ಒಳಗೆ ತುಂಬಾ ಹೊತ್ತು ಕೂರ್ತಿದ್ರು. ಸರಿಯಾಗಿ ಆಯ್ತು ಅಂತ ಹೇಳಿದ್ದು ನಾನು ಕೇಳ್ಲಿಲ್ಲ.”

ಕಮೋಡ್ ನೋಡಿದೆ. ಎತ್ತರದ್ದು. ಭಟ್ಟರಂಥ ಗಿಡ್ಡ ಆಳು ಕುಳಿತರೆ ಕಾಲು ನೆಲಕ್ಕೆ ತಾಗುವ ಹಾಗೇ ಇಲ್ಲ. ಔಷಧಿಯ ಡಬ್ಬಿ ತರಿಸಿ ಒಂದೊಂದೇ ಪಟ್ಟಿ ಹೊರಗಿಟ್ಟೆ. ಸುಸ್ತಿಗೆಂದು ಕಬ್ಬಿಣಾಂಶದ ಮಾತ್ರೆ, ಎಲುಬಿಗೆ ಕ್ಯಾಲ್ಸಿಯಂ, ಮೊಣಕಾಲಿಗೆ ಜೋರಿನ ನೋವಿನ ಮಾತ್ರೆ. ಮೂರೂ ಕರುಳಿನ ಕಾಲು ಕಟ್ಟುವಂಥವು. ಅದರ ಮೇಲೆ ಭೇದಿ ನಿಲ್ಲುವ ಮಾತ್ರೆ ಬೇರೆ.

ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ವಾರಕ್ಕೆರಡು ದಿನ ಪರೇಲ್‌ನ ಒಂದು ಆಸ್ಪತ್ರೆಗೆ ಹೋಗುತ್ತಾರೆ, ಆಗಲೇ ಲೋಕಲ್‌ನಲ್ಲಿದ್ದರು. ಗದ್ದಲದಲ್ಲಿ ಕೂಗಿ ಕೂಗಿ ಹೇಳಿದೆ.

“ವಾಂತಿ ಆಗೈತೇನು? ಗಾಳಿ ಹೋಗ್ತೈತೇನು? ಮ್ಯಾಲಿನ ಹೊಟ್ಟಿ ಮೆತ್ತಗ ಐತೋ, ಹಲಗಿ ಆಗೈತೋ?” ಎಂದರು.

“ವಾಂತಿ ಇಲ್ರಿ ಮೇಡಂ. ಗಾಳಿ ಹೋಗ್ತೈತಿ. ಮ್ಯಾಲೆ ಮೆತ್ತಗ ಐತಿ, ಕೆಳಗಷ್ಟ ಉಬ್ಬೈತಿ.”

“ಹಂಗಾದ್ರ ಎಲ್ಲಾ ಗುಳಿಗಿ ಬಂದ್ ಮಾಡು. ನಾಳೆ ದವಾಖಾನಿಗೆ ಕರಕೊಂಡು ಬಾ, ನೋಡೂಣು.”

“ನಾಳಿಗಿ ಇವರು ಇಲ್ಲಿರಂಗಿಲ್ರಿ. ಹತ್ತಕ್ಕ ಗಾಡಿ ಬರ್ತೈತಿ. ನೀವ ಬರಬೇಕು. ಬೆರಳು ಹಾಕಿ ನೋಡದ ನಾ ಇವರನ್ನ ಕಳಸಂಗಿಲ್ಲ.”

ಹಿರಿಯ ಡಾಕ್ಟರಿಗೆ ಹಾಗೆ ಹೇಳುವುದು ನನ್ನ ಮಟ್ಟಕ್ಕೆ ಮೀರಿದ್ದು.  “ಬಾಂದ್ರಾದಾಗ ಇಳದು ವಾಪಸ್ ಬರ್ತೀನಿ,” ಎಂದು ಫೋನ್ ಇಟ್ಟರು. ನಾನು ಹೊರಗೆ ಬಂದು ಮಗನಿಗೆ, “ಗಾಡಿ ಬ್ಯಾಡ ಅನ್ರಿ. ತಪ್ಪು ನಂದೂ ಐತಿ. ಮೂರು ದಿನ ಕೊಡ್ರಿ ನನಗ. ಆಮೇಲೆ ನೀವು ಹೇಳಿದಂಗ,” ಎಂದೆ. ಅವನು ಹೆಂಡತಿಯ ಮುಖ ನೋಡಿದ.  ಆಮೇಲೆ ಗಾಡಿಯವನಿಗೆ ಫೋನ್ ಮಾಡಿ ಬೇಡವೆಂದ.

ಡಾಕ್ಟರು ಎಂಟೂವರೆಗೆ ಬಂದರು. ಭಟ್ಟರನ್ನು ಎಡಕ್ಕೆ ಮಗ್ಗುಲಾಗಿಸಿ, ಮೊಣಕಾಲು ಮಡಿಸಿ, ಅಡಿಗೆ ರಬ್ಬರ್ ಶೀಟ್ ಹಾಕಿದೆ. ಡಾಕ್ಟರು ಜೆಲ್ಲಿ ಹಚ್ಚಿದ ಬೆರಳನ್ನು ನಿಧಾನ ಒಳಗೆ ಬಿಟ್ಟರು. ಎರಡು ಗೆಣ್ಣಿನ ಆಚೆ ಬೆರಳು ಹೋಗಲಿಲ್ಲ. “ಕಲ್ಲು,” ಎಂದರು. ಅಷ್ಟು ಸಾಕಿತ್ತು. ಮೂತ್ರ ನಿಂತದ್ದೂ ಅದೇ ಒತ್ತಡಕ್ಕೆ, ತಲೆ ಕೆಟ್ಟದ್ದೂ ಅದರಿಂದಲೇ ಇರಬೇಕು ಎಂದರು. ಮೊದಲು ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದರು. ಅಂಗಡಿಯಲ್ಲಿ ಸಿಗುವ ಉಪ್ಪಿನ ಎನಿಮಾ ಬೇಡ, ಈ ವಯಸ್ಸಿನ ಕಿಡ್ನಿಗೆ ಅದು ತಡೆಯದೆ ಹೋಗಬಹುದು. ಎಣ್ಣೆಯ ಎನಿಮಾ ಕೊಟ್ಟು ನೆನೆಯಲು ಬಿಡೋಣ, ಆಮೇಲೆ ಕೈಯಿಂದ ಸ್ವಲ್ಪಸ್ವಲ್ಪವೇ ತೆಗೆಯೋಣ ಎಂದು ತೀರ್ಮಾನಿಸಿದರು. ವಾಂತಿಯಾದರೆ, ಹೊಟ್ಟೆ ಗಟ್ಟಿಯಾದರೆ, ರಕ್ತ ಕಂಡರೆ ಒಂದು ನಿಮಿಷ ತಡಮಾಡದೆ ಆಸ್ಪತ್ರೆಗೆ. ಅದನ್ನು ಕಾಗದದಲ್ಲಿ ಬರೆದು ಮಗನ ಕೈಗೆ ಕೊಟ್ಟರು.

ಆ ದಿನದ ಕೆಲಸ ಕೆಟ್ಟುಹೋಯಿತು. ಎಣ್ಣೆ ಒಳಗೆ ನಿಲ್ಲದೆ ವಾಪಸ್ ಬಂತು. ಡಾಕ್ಟರು ಬೆರಳಿನಿಂದ ಒಡೆಯಲು ತೊಡಗಿ ಐದು ನಿಮಿಷವಾಗಿರಲಿಲ್ಲ, ಭಟ್ಟರ ಹಣೆಯಲ್ಲಿ ಬೆವರು ಕಿತ್ತುಬಂತು. ಅವರ ಮಣಿಕಟ್ಟು ನನ್ನ ಕೈಯಲ್ಲೇ ಇತ್ತು. ನಾಡಿ ತೊಂಬತ್ತರಿಂದ ಐವತ್ತಕ್ಕೆ ಇಳಿಯಿತು. “ನಿಲ್ಲಸ್ರಿ ಮೇಡಂ!” ಎಂದು ಕೂಗಿದೆ. ಕಾಲು ಎತ್ತಿ ಹಿಡಿದೆವು. ಎರಡು ನಿಮಿಷದಲ್ಲಿ ನಾಡಿ ಸರಿಯಾಯಿತು. ಬಾಗಿಲಲ್ಲಿ ನಿಂತಿದ್ದ ಮಗ, “ಸಿಸ್ಟರ್, ಬಸ್, ಸಾಕು. ಅಪ್ಪನಿಗೆ ಏನಾದ್ರೂ ಆದ್ರೆ?” ಎಂದು ಅಳುವ ಹಾಗಾದ. ಡಾಕ್ಟರು ಒಪ್ಪಿಕೊಂಡರು, ಇವತ್ತಿಗೆ ಸಾಕು. ಬಿಟ್ಟುಬಿಡುವುದಕ್ಕಲ್ಲ, ನಾಳೆ ಇನ್ನೂ ನಿಧಾನವಾಗಿ ಮಾಡುವುದಕ್ಕೆ.

ನಾನು ಆ ದಿನವೆಲ್ಲ ಅಲ್ಲೇ ಇದ್ದೆ. ಗ್ಲಿಸರಿನ್ ಗುಳಿಗೆಯನ್ನು ಕೆಳಗಿನಿಂದ ಇಟ್ಟೆ, ಮತ್ತೆ ಸ್ವಲ್ಪವೇ ಬೆಚ್ಚಗಿನ ಎಣ್ಣೆ ಬಿಟ್ಟು, ಹಾಸಿಗೆಯ ಕಾಲುಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಈ ಸಲ ನಿಂತಿತು. ಗಂಟೆಗೊಮ್ಮೆ ನಾಡಿ, ಬಿಪಿ. ಎರಡನೆಯ ದಿನ ಡಾಕ್ಟರು ನೋವು ತಿಳಿಯದಂತೆ ಮರಗಟ್ಟಿಸುವ ಜೆಲ್ಲಿ ಹಚ್ಚಿ ಹತ್ತು ನಿಮಿಷ ಕಾದು ಶುರುಮಾಡಿದರು. ಎರಡು ನಿಮಿಷ ಕೆಲಸ, ಐದು ನಿಮಿಷ ವಿರಾಮ. ನಾನು ನಾಡಿ ಎಣಿಸಿ ಹೂಂ ಎಂದರೆ ಮಾತ್ರ ಮುಂದಕ್ಕೆ. ಕಡಲೆ ಗಾತ್ರದ ಕಪ್ಪು ಗಟ್ಟಿ ತುಂಡುಗಳು ಬಂದವು, ಆಮೇಲೆ ಅಡಿಕೆ ಗಾತ್ರದವು. ಸೊಸೆ ಬೆಡ್‌ಪ್ಯಾನ್ ಹಿಡಿದು ನಿಂತಿದ್ದಳು, ಮೂಗಿಗೆ ಸೆರಗನ್ನೂ ಅಡ್ಡ ಹಿಡಿಯಲಿಲ್ಲ. ಕೆಳಗಿನದು ಸಡಿಲವಾದ ಮೇಲೆ ನೀರಿನಲ್ಲಿ ಕಲಸುವ, ಮಲ ಮೆದುಮಾಡುವ ಪುಡಿಯನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಮೂರನೆಯ ದಿನ ಮಧ್ಯಾಹ್ನ ಭಟ್ಟರು ತಾವೇ ಎದ್ದು ಬಚ್ಚಲ ಕಡೆ ಹೊರಟರು. ನಾನು ಒಂದು ಕಡೆ, ಮಗ ಒಂದು ಕಡೆ ಹಿಡಿದುಕೊಂಡೆವು.

ಇಪ್ಪತ್ತು ನಿಮಿಷದ ಮೇಲೆ ಒಳಗಿನಿಂದ ಧ್ವನಿ ಬಂತು. “ಸಿಸ್ಟರೇ, ಮೂರು ತಿಂಗಳ ಬಾಕಿ ಎಲ್ಲ ಚುಕ್ತಾ ಆಯ್ತು ಮಾರಾಯ್ತಿ.”

ಸ್ವರ ಗಟ್ಟಿಯಾಗಿತ್ತು, ಮಾತು ಸರಿಯಾಗಿತ್ತು. ನಾನು ಬಚ್ಚಲ ಬಾಗಿಲ ಹೊರಗೆ ನಿಂತು ಅತ್ತುಬಿಟ್ಟೆ. ಸಂತೋಷಕ್ಕೂ ಹೌದು, ಎಂಟು ದಿನದ ಆ ಗೆರೆಗಳು ನೆನಪಾಗಿಯೂ ಹೌದು.

ಮರುದಿನದಿಂದ ಪಂಚೆ ಒಣಗಿಯೇ ಇತ್ತು. ಈಗ ನಾನು ಮೊದಲ ದಿನವೇ ಕೇಳಬೇಕಾಗಿದ್ದನ್ನು ಕೇಳಿದೆ, ಅದೂ ಮನೆಯವರನ್ನಲ್ಲ, ಭಟ್ಟರನ್ನೇ: ಮೊದಲು ಹೇಗಿತ್ತು? ಅಭ್ಯಾಸ ಬದಲಾಯಿತು ಎನ್ನಬೇಕಾದರೆ ಅಭ್ಯಾಸ ಏನಿತ್ತೆಂದು ತಿಳಿಯಬೇಕಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಹೋಟೆಲಿನಲ್ಲಿ ಒಲೆ ಹೊತ್ತಿಸುವ ಮೊದಲು, ನಸುಕಿನಲ್ಲಿ ಒಂದು ಲೋಟ ಬಿಸಿನೀರು ಕುಡಿದು ಸಂಡಾಸಿಗೆ ಹೋಗುವುದು ಅವರ ಪರಿಪಾಠ. ಅರವತ್ತು ವರ್ಷ ಒಂದು ದಿನ ತಪ್ಪಿರಲಿಲ್ಲ. ಹೊಸ ಕಮೋಡ್‌ನ ಫ್ಲಶ್ ಸದ್ದಿಗೆ ಮನೆಯವರಿಗೆ ಎಚ್ಚರವಾಗುತ್ತದೆಂದು ಬೆಳಗಾಗುವ ತನಕ ತಡೆದುಕೊಳ್ಳತೊಡಗಿದರು. ಕುಳಿತರೆ ಕಾಲು ಜೋತಾಡುತ್ತದೆ, ಬೀಳುವ ಹೆದರಿಕೆ, ಮುಕ್ಕಲು ಶಕ್ತಿ ಬರುವುದಿಲ್ಲ.

“ಮತ್ತ ಮಗನಿಗಿ ಯಾಕ ಹೇಳಲಿಲ್ಲ ನೀವು?”

“ಅವನು ನನ್ನ ಮೊಣಕಾಲಿಗೆ ಅಂತ ಪ್ರೀತಿಯಿಂದ ಮಾಡಿಸಿದ್ದು. ಅದು ನನಗೆ ಆಗುದಿಲ್ಲ ಅಂತ ಹೇಗೆ ಹೇಳುದು?” ಎಂದರು. ಅಲ್ಲೇ ನಿಂತಿದ್ದ ಮಗ ಹೊರಗೆ ಹೋದ. ಸಂಜೆಯೊಳಗೆ ಒಂದು ಅಗಲ ಮಣೆಗೆ ಗಟ್ಟಿ ಕಾಲು ಬಡಿಸಿ ತಂದು ಕಮೋಡ್‌ನ ಮುಂದಿಟ್ಟ, ಗೋಡೆಗೆ ಹಿಡಿಕೆ ಹಾಕಿಸಿದ. ಮಣೆಯ ಮೇಲೆ ಪಾದ ಊರಿ, ಮುಂದಕ್ಕೆ ಬಾಗಿ ಕೂರುವುದನ್ನು ನಾನು ಸೀರೆಯಲ್ಲೇ ಕಮೋಡ್ ಮುಚ್ಚಳದ ಮೇಲೆ ಕುಳಿತು ತೋರಿಸಿದೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ನೋವಿನ ಮಾತ್ರೆ ಯಾವುದು ಬೇಕು, ಯಾವುದು ಬದಲಾಗಬೇಕು ಎಂದು ಡಾಕ್ಟರು ಕೆಳಗಿನ ಡಾಕ್ಟರ ಜೊತೆ ಮಾತಾಡಿದರು. ಊಟದ ಪಟ್ಟಿ ಮಾತ್ರ ಭಟ್ಟರೇ ಮಾಡಿದರು. ಬಸಳೆ, ಸುವರ್ಣಗೆಡ್ಡೆ, ಹುರುಳಿ ಸಾರು, ಪಪ್ಪಾಯಿ, ಮಧ್ಯೆ ಮಧ್ಯೆ ನೀರು. ಬಾಲ್ಕನಿಯಿಂದ ಅಪ್ಪಣೆ ಮತ್ತೆ ಶುರುವಾಯಿತು.

ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. “ಒಂದು ಕಾರಣ ಸಿಕ್ತು ಅಂತ ಹುಡುಕೂದು ಬಿಡಬಾರದು. ಈ ವಯಸ್ಸಿನಾಗ ಹೊಟ್ಟಿ ರೂಢಿ ಬದಲಾದ್ರ, ತೂಕ ಇಳದ್ರ, ರಕ್ತ ಕಡಿಮಿ ಆದ್ರ ಒಳಗ ನೋಡಾಕ ಬೇಕು,” ಎಂದು ಪರೇಲ್‌ನಲ್ಲಿ ಕರುಳಿನ ದುರ್ಬೀನು ಪರೀಕ್ಷೆಗೆ ಬರೆದರು. ಅದು ಮುಂದಿನ ತಿಂಗಳಲ್ಲಿ ಆಯಿತು. ಸಿಕ್ಕ ಒಂದು ಸಣ್ಣ ಗಂಟನ್ನು ಅಲ್ಲೇ ತೆಗೆದರು, ಕೆಟ್ಟದ್ದಲ್ಲವೆಂದು ವರದಿ ಬಂತು.

ಆದರೆ ವೃದ್ಧಾಶ್ರಮದ ಮಾತು ಹಾಗೇ ತೂಗುತ್ತಿತ್ತು. ಮಗ ಬೇಡ ಎಂದೂ ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. “ಮತ್ತೆ ಹೀಗೆ ಆದ್ರೆ, ಸಿಸ್ಟರ್?” ಎಂದು ಒಂದೆರಡು ಸಲ ಕೇಳಿದ. ಆಗಬಹುದು, ಆದರೆ ಈ ಸಲ ಮೊದಲೇ ತಿಳಿಯುತ್ತದೆ ಎಂದೆ. ಒಂದನೇ ತಾರೀಖಿನ ಬೆಳಿಗ್ಗೆ, ಜಗಳವಾಡಲೆಂದೇ ಸೊಂಟ ಕಟ್ಟಿಕೊಂಡು ಮಲಾಡಿಗೆ ಹೋದೆ. ಅವರ ಮಗನಿಗೆ ಏನೇನು ಹೇಳಬೇಕೆಂದು ಲೋಕಲ್‌ನಲ್ಲಿ ನಿಂತು ಜೋಡಿಸಿಕೊಂಡಿದ್ದೆ.

ಹಾಲ್‌ನಲ್ಲಿ ಭಟ್ಟರು ಬಿಳಿ ಪಂಚೆ, ಇಸ್ತ್ರಿಯ ಅಂಗಿ ತೊಟ್ಟು ಕುಳಿತಿದ್ದರು. ಕಾಲ ಬಳಿ ಒಂದು ಚೀಲ. ಮಗ ಕಿಟಕಿಯ ಹತ್ತಿರ ನಿಂತಿದ್ದ, ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ, “ನಾನು ಕಳಿಸ್ತಾ ಇಲ್ಲ ಸಿಸ್ಟರ್. ಇವರೇ ಹಟ ಹಿಡಿದಿದ್ದಾರೆ,” ಎಂದ.

“ಯಾಕ್ರಿ ಅಜ್ಜಾರ? ಈಗ ಎಲ್ಲಾ ಚಲೋ ಆಗೈತಲ್ಲ?” ಎಂದೆ.

ಭಟ್ಟರು ದನಿ ತಗ್ಗಿಸಿದರು. “ಹೊಟ್ಟೆ ಸರಿ ಆಯ್ತು, ನೀವು ಮಾಡಿದ್ದೀರಿ. ಇದು ಬೇರೆ. ಸೊಸೆಯ ಕೈಯಲ್ಲಿ ಅದನ್ನೆಲ್ಲ ಒಗೆಸಿದ್ದೇನೆ. ಇನ್ನು ಅವಳ ಎದುರು ಕೂತು ಉಣ್ಲಿಕ್ಕೆ ನನಗೆ ಆಗುದಿಲ್ಲ. ಅನ್ನ ಗಂಟಲಲ್ಲಿ ಇಳಿಯುದಿಲ್ಲ. ಅವಳಿಗೂ ನನ್ನನ್ನು ನೋಡಿದ್ರೆ ಅದೇ ನೆನಪಾಗುದು.”

ನಾನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಇದಕ್ಕೆ ಆಗುವಂಥದ್ದಾಗಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಕಲಿತದ್ದರಲ್ಲೂ ಇದಕ್ಕೆ ಮದ್ದಿರಲಿಲ್ಲ. 

ಸೊಸೆ ಅಡುಗೆಮನೆಯಿಂದ ಬಂದಳು. ಹದಿನೆಂಟು ದಿನದಲ್ಲಿ ಅವಳು ತನ್ನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮಾವನನ್ನು ಕಳಿಸಲು ಹೆಚ್ಚು ಆತುರ ಅವಳಿಗೇ ಇರಬೇಕೆಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಬಂದವಳೇ ಬಗ್ಗಿ ಚೀಲ ಎತ್ತಿಕೊಂಡಳು. ಸೋಪಿನ ಪುಡಿಗೆ ಅವಳ ಬೆರಳ ಸಂದಿಗಳೆಲ್ಲ ಬಿರಿದು ಸಿಪ್ಪೆ ಎದ್ದಿದ್ದವು.

“ಮೂರು ತಿಂಗಳು ನಾನು ಒಗೆದದ್ದು ನಿಮ್ಮನ್ನು ಕಳಿಸ್ಲಿಕ್ಕಾ ಮಾವ?” ಎಂದಳು. “ಕಳಿಸುದಾದ್ರೆ ಮೊದಲ ದಿನವೇ ಕಳಿಸ್ತಿದ್ದೆ, ಒಗೆಯುವ ಕೆಲಸ ಆದ್ರೂ ಉಳೀತಿತ್ತು. ಏಳಿ. ದೋಸೆ ಹೊಯ್ದಿದ್ದೇನೆ. ಒಳಗೆ ಬಂದು ನನ್ನ ಎದುರೇ ಕೂತು ತಿನ್ನಿ.”

ಚೀಲದೊಂದಿಗೆ ಅವಳು ಒಳಗೆ ಹೋದಳು.   ಭಟ್ಟರು ಇಸ್ತ್ರಿಯ ಅಂಗಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದರು, ಅಂಗಿಯನ್ನು ಮಗನ ಕೈಗೆ ಕೊಟ್ಟರು, ಎದ್ದು ಅಡುಗೆಮನೆಗೆ ಹೋದರು.